ಕೊಯ್ಲಿನ ಕಾಲದ ಸೀನು, ಪಿತ್ತದ ಗಂಧೆ, ಅಲರ್ಜಿ ಮಾತ್ರೆ: ಯಾವುದು, ಎಷ್ಟು, ಯಾರಿಗೆ?

ಹೊಸನಗರದ ತೋಟದವನು:

ಅಡಿಕೆ ಕೊಯ್ಲು ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ಎಲ್ಲರ ಮೂಗೂ ಸೋರುತ್ತಿದೆ. ಸುಲಿಯುವ ಚಪ್ಪರದ ತುಂಬ ಸಿಪ್ಪೆಯ ದೂಳು, ಮನೆಯೊಳಗೆ ಮಳೆಗಾಲ ಬಿಟ್ಟುಹೋದ ಬೂಷ್ಟು. ಅಪ್ಪನಿಗೆ 74 ವರ್ಷ. ಪೇಟೆಯಿಂದ ತಂದ ಸಣ್ಣ ಮಾತ್ರೆಯೊಂದನ್ನು ರಾತ್ರಿ ನುಂಗಿ ಮಲಗುತ್ತಾರೆ, ಸೀನು ನಿಲ್ಲುತ್ತದೆ. ಆದರೆ ಈಚೆಗೆ ರಾತ್ರಿ ಎದ್ದರೆ ತೂರಾಡುತ್ತಾರೆ, ಬೆಳಿಗ್ಗೆ ತಿಂಡಿಯಾದ ಮೇಲೂ ಮಂಕಾಗಿ ಕುಳಿತಿರುತ್ತಾರೆ. ಮೂತ್ರಕ್ಕೆ ಹೋದರೆ ಬಹಳ ಹೊತ್ತು ಕಾಯಬೇಕಾಗುತ್ತದೆ ಎಂದು ನಿನ್ನೆ ಸಂಕೋಚದಿಂದಲೇ ಹೇಳಿದರು. ವಯಸ್ಸಾಯಿತಲ್ಲ ಎಂದು ಅದಕ್ಕೆ ಅವರೇ ಕಾರಣವನ್ನೂ ಹುಡುಕಿಕೊಂಡಿದ್ದಾರೆ.

ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡರಿಗೂ ಸೀನು ಹತ್ತಿದೆ. ‘ಮರ ಹತ್ತುವ ಮೊದಲು ಅಪ್ಪಯ್ಯನ ಮಾತ್ರೆ ಒಂದು ಕೊಡಿ’ ಎನ್ನುತ್ತಾರೆ. ಕೊಡಬಹುದೇ? ಅಲರ್ಜಿ ಮಾತ್ರೆ ಎಂದರೆ ಎಲ್ಲವೂ ಒಂದೇ ತಾನೇ? ‘ವೈದ್ಯರನ್ನು ಕೇಳಿ’ ಎಂಬ ಒಂದು ಸಾಲಿನ ಉತ್ತರ ಬೇಡ ಮಾರಾಯರೇ, ಕೇಳಿಯೇ ಕೇಳುತ್ತೇನೆ. ಕೇಳುವಾಗ ಏನು ಹೇಳಬೇಕು ಎಂಬುದು ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಶಿವಮೊಗ್ಗದ ಔಷಧಂಗಡಿ:

ಕೊನೆಗೌಡರಿಗೆ ಕೊಡಬೇಡಿ. ಉಳಿದದ್ದು ಆಮೇಲೆ.

ಈ ಮಾತ್ರೆಗಳಲ್ಲಿ ಎರಡು ತಲೆಮಾರುಗಳಿವೆ. ಹಳೆಯವು ಕ್ಲೋರ್‌ಫೆನಿರಮಿನ್, ಫೆನಿರಮಿನ್ (ಊರೆಲ್ಲ ಅವಿಲ್ ಎಂದು ಕೇಳಿ ಪಡೆಯುವುದು ಇದನ್ನೇ), ಪ್ರೊಮೆಥಜಿನ್, ಹೈಡ್ರಾಕ್ಸಿಜಿನ್. ಅಲರ್ಜಿಯಾದಾಗ ಮೈ ಹೊರಬಿಡುವ ರಾಸಾಯನಿಕದ ಹೆಸರು ಹಿಸ್ಟಮಿನ್. ಈ ಹಳೆಯ ಮಾತ್ರೆಗಳು ಮೂಗು, ಚರ್ಮಗಳಲ್ಲಿ ಹಿಸ್ಟಮಿನ್‌ನ ಕೆಲಸ ತಡೆಯುವುದರ ಜೊತೆಗೆ ಮಿದುಳಿಗೂ ಹೊಕ್ಕುತ್ತವೆ. ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿ ಇಡುವುದು ಇದೇ ಹಿಸ್ಟಮಿನ್. ಅದನ್ನು ತಡೆದರೆ ತೂಕಡಿಕೆ, ಮಂಕು, ತಡವಾದ ಪ್ರತಿಕ್ರಿಯೆ. ಸಾಲದ್ದಕ್ಕೆ ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ದೃಷ್ಟಿ ಮಸುಕಾಗುತ್ತದೆ, ಮೂತ್ರ ಕಟ್ಟುತ್ತದೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ವಯಸ್ಸಾದ ಗಂಡಸರಿಗೆ ಇದು ಸಣ್ಣ ತೊಂದರೆಯಲ್ಲ. ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾದ ಒಂದು ಬಗೆಯಲ್ಲಿ ಕಣ್ಣಿಗೂ ಅಪಾಯ.

ಹೊಸವು ಸೆಟ್ರಿಜಿನ್, ಲೆವೊಸೆಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್. ಇವು ಮಿದುಳಿಗೆ ಹೋಗುವುದು ಕಡಿಮೆ. ಕಡಿಮೆ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ.

ಅಪ್ಪನ ಸ್ಟ್ರಿಪ್ ತಿರುಗಿಸಿ ನೋಡಿ. ಮುಂದಿನ ದಪ್ಪ ಅಕ್ಷರದ ಹೆಸರು ಕಂಪನಿಯದ್ದು, ಹಿಂದಿನ ಸಣ್ಣ ಅಕ್ಷರದ್ದೇ ಔಷಧ. ಅದನ್ನು ಇಲ್ಲಿ ಹಾಕಿ.

ಹೊಸನಗರದ ತೋಟದವನು:

ಬ್ಯಾಟರಿ ಹಿಡಿದು ಓದಿದೆ. ಕ್ಲೋರ್‌ಫೆನಿರಮಿನ್ ಮೆಲಿಯೇಟ್, 4 ಮಿಲಿಗ್ರಾಂ. ಅದರ ಪಕ್ಕದಲ್ಲಿ ಇನ್ನೊಂದು ಸ್ಟ್ರಿಪ್ ಸಿಕ್ಕಿತು. ಅದು ಶೀತದ ಮಾತ್ರೆ, ಬೆಳಿಗ್ಗೆ ಮಧ್ಯಾಹ್ನ ನುಂಗುತ್ತಿದ್ದರಂತೆ. ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಆಮೇಲೆ ಮತ್ತೆ ಅದೇ ಕ್ಲೋರ್‌ಫೆನಿರಮಿನ್. ರಕ್ತದೊತ್ತಡದ ಮಾತ್ರೆ ಹೇಗೂ ಇದ್ದೇ ಇದೆ.

ಶಿವಮೊಗ್ಗದ ಔಷಧಂಗಡಿ:

ಅಲ್ಲಿಗೆ ತೂರಾಟಕ್ಕೂ ಮಂಕಿಗೂ ಕಾರಣ ಹುಡುಕುತ್ತಾ ದೂರ ಹೋಗಬೇಕಾಗಿಲ್ಲ. ಒಂದೇ ಔಷಧ ಎರಡು ಹೆಸರಿನಲ್ಲಿ ಹೊಟ್ಟೆಗೆ ಹೋಗುತ್ತಿದೆ. ಕ್ಲೋರ್‌ಫೆನಿರಮಿನ್ ನಿಧಾನವಾಗಿ ಕರಗಿಹೋಗುವ ಔಷಧ. ರಾತ್ರಿ ನುಂಗಿದ್ದರ ಪ್ರಭಾವ ಮರುದಿನಕ್ಕೂ ಉಳಿಯುತ್ತದೆ, ಅದರ ಮೇಲೆ ಬೆಳಗಿನದ್ದು ಸೇರುತ್ತದೆ. ಫಿನೈಲೆಫ್ರಿನ್ ರಕ್ತನಾಳಗಳನ್ನು ಬಿಗಿಗೊಳಿಸುವಂಥದ್ದು. ರಕ್ತದೊತ್ತಡ ಇರುವವರು ಕೇಳದೆ ನುಂಗಬಾರದು, ಮೂತ್ರ ಕಟ್ಟುವುದಕ್ಕೂ ಅದು ತನ್ನ ಪಾಲು ಸೇರಿಸುತ್ತದೆ.

ಅಂಗಡಿಯಲ್ಲಿ ನಿಂತು ದಿನವೂ ನೋಡುತ್ತೇನೆ. ಶೀತಕ್ಕೆ ಒಂದು, ಕೆಮ್ಮಿಗೆ ಸಿರಪ್, ತುರಿಕೆಗೆ ಒಂದು, ನಿದ್ದೆಗೆ ಇನ್ನೊಂದು. ನಾಲ್ಕರಲ್ಲೂ ಹಿಸ್ಟಮಿನ್ ತಡೆಯುವ ಈ ಬಗೆಯ ಔಷಧ, ಅಂದರೆ ಆಂಟಿಹಿಸ್ಟಮಿನ್, ಇರಬಹುದು. ಕೊಳ್ಳುವವರಿಗೆ ಅವು ನಾಲ್ಕು ಬೇರೆ ಬೇರೆ ಕಾಯಿಲೆಯ ಔಷಧಗಳು.

ಡಾಕ್ಟರಮ್ಮ, ತೀರ್ಥಹಳ್ಳಿ ಕಡೆ:

ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ತೋಟದ ಅಣ್ಣನವರೇ, ಆ ಎರಡೂ ಸ್ಟ್ರಿಪ್ ಇವತ್ತೇ ನಿಲ್ಲಿಸಿ, ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ. ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಅಪ್ಪನನ್ನು ಕರೆದುಕೊಂಡು ಹೋಗಿ. ಮೂತ್ರ ಪೂರ್ತಿ ನಿಂತು ಕೆಳಹೊಟ್ಟೆ ಬಿಗಿದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.

65 ದಾಟಿದವರಿಗೆ ಹಳೆಯ ತಲೆಮಾರಿನ ಈ ಮಾತ್ರೆಗಳನ್ನು ಆದಷ್ಟು ತಪ್ಪಿಸಿ ಎಂದು ಅಮೆರಿಕದ ವೃದ್ಧರೋಗ ತಜ್ಞರ ಸಂಘ ತನ್ನ ಬಿಯರ್ಸ್ ಪಟ್ಟಿಯಲ್ಲಿ ಬಹಳ ಹಿಂದಿನಿಂದ ಹೇಳುತ್ತಾ ಬಂದಿದೆ. ಬೀಳುವುದು, ತೊಡೆಯ ಮೂಳೆ ಮುರಿಯುವುದು, ರಾತ್ರಿ ದಿಕ್ಕು ತಪ್ಪಿದಂತೆ ಮಾತನಾಡುವುದು, ಇವುಗಳಿಗೆಲ್ಲ ನಾವು ವಯಸ್ಸನ್ನು ದೂರುತ್ತೇವೆ. ಮಾತ್ರೆ ನಿಲ್ಲಿಸಿ ನೋಡಿದರೆ ಎಷ್ಟೋ ಬಾರಿ ಆ ವಯಸ್ಸು ಹಿಂದಕ್ಕೆ ಹೋಗಿಬಿಡುತ್ತದೆ.

ಆಗುಂಬೆ ಘಾಟಿಯವನು:

ನಾನು ಮಿನಿ ಬಸ್ ಓಡಿಸುತ್ತೇನೆ. ಸೆಟ್ರಿಜಿನ್ ನುಂಗಿಯೇ ಘಾಟಿ ಇಳಿಯುತ್ತೇನೆ, ಒಂದು ದಿನವೂ ಕಣ್ಣು ಎಳೆದಿಲ್ಲ. ನಿದ್ದೆ ಬರುತ್ತದೆ ಎನ್ನುವುದೆಲ್ಲ ಮನಸ್ಸಿನ ಭ್ರಮೆ. ಇಷ್ಟಕ್ಕೆಲ್ಲ ಹೆದರಿದರೆ ನಮ್ಮ ಕಡೆ ಬಸ್ಸೇ ಓಡುವುದಿಲ್ಲ.

ಶಿವಮೊಗ್ಗದ ಔಷಧಂಗಡಿ:

ನಿದ್ದೆ ಬರದಿದ್ದರೆ ಕೈಕಾಲು ಚುರುಕಾಗಿಯೇ ಇವೆ ಎಂದು ಅರ್ಥವಲ್ಲ, ಸಾರಥಿಗಳೇ. 2000ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 40 ಜನರನ್ನು ಚಾಲನಾ ಸಿಮ್ಯುಲೇಟರಿನಲ್ಲಿ ಕೂರಿಸಿ ನೋಡಿದ್ದರು. ಹಳೆಯ ತಲೆಮಾರಿನ ಡೈಫೆನ್‌ಹೈಡ್ರಮಿನ್ ನುಂಗಿದಾಗ ಅವರ ಚಾಲನೆ ಮದ್ಯ ಕುಡಿದಾಗಿನದ್ದಕ್ಕಿಂತಲೂ ಹದಗೆಟ್ಟಿತ್ತು. ಫೆಕ್ಸೊಫೆನಡಿನ್ ನುಂಗಿದಾಗ ಔಷಧವೇ ಇಲ್ಲದ ಮಾತ್ರೆ ನುಂಗಿದಾಗಿನಂತೆಯೇ ಇತ್ತು. ಮುಖ್ಯವಾದ ಮಾತು ಇನ್ನೊಂದಿದೆ: ತಮಗೆ ಎಷ್ಟು ನಿದ್ದೆ ಬರುತ್ತಿದೆ ಎಂದು ಅವರು ಹೇಳಿದ್ದಕ್ಕೂ ಎಷ್ಟು ಕೆಟ್ಟದಾಗಿ ಓಡಿಸಿದರು ಎಂಬುದಕ್ಕೂ ಹೆಚ್ಚು ತಾಳೆ ಇರಲಿಲ್ಲ.

ಸೆಟ್ರಿಜಿನ್ ಅಷ್ಟು ಕೆಟ್ಟದ್ದಲ್ಲ, ಒಪ್ಪುತ್ತೇನೆ. ಹೊಸ ತಲೆಮಾರಿನದ್ದಾದರೂ ಕೆಲವರಿಗೆ ಮಂಕು ತರುತ್ತದೆ, ಲೆವೊಸೆಟ್ರಿಜಿನ್ ಕೂಡ. ಹಿಂದೆ ಪ್ರಯಾಣಿಕರನ್ನು ಕೂರಿಸಿಕೊಂಡು ಹೇರ್‌ಪಿನ್ ತಿರುವು ಇಳಿಯುವ ನೀವು ವೈದ್ಯರ ಹತ್ತಿರ ಫೆಕ್ಸೊಫೆನಡಿನ್ ವಿಷಯ ಕೇಳಿ. ಯಾವ ಹೊಸ ಮಾತ್ರೆಯಾದರೂ ಮೊದಲ ಸಲ ರಜೆಯ ದಿನ ನುಂಗಿ ನೋಡಿ. ನುಂಗಿದ ದಿನ ಗುಂಡು ಬೇಡ.

ಆಗುಂಬೆ ಘಾಟಿಯವನು:

ಗುಂಡಿನ ಸುದ್ದಿ ನಾನು ತೆಗೆದಿರಲಿಲ್ಲ. ಇರಲಿ, ರಜೆಯ ದಿನ ನೋಡುತ್ತೇನೆ.

ಹೊಸನಗರದ ತೋಟದವನು:

ಹಾಗಾದರೆ ಕೊನೆಗೌಡರಿಗೆ?

ಡಾಕ್ಟರಮ್ಮ, ತೀರ್ಥಹಳ್ಳಿ ಕಡೆ:

ಐವತ್ತು ಅಡಿ ಮೇಲೆ ಮರದಿಂದ ಮರಕ್ಕೆ ದಾಟುವವರಿಗೆ ಇನ್ನೊಬ್ಬರ ಮನೆಯ ಮಾತ್ರೆ ಸಲ್ಲದು. ಮರ ಹತ್ತುವುದಿದ್ದರೆ ಮಂಕು ತರುವ ಮಾತ್ರೆ ಹಿಂದಿನ ರಾತ್ರಿಯೂ ಬೇಡ. ಅವರನ್ನು ನಮ್ಮಂಥವರ ಹತ್ತಿರ ಕಳುಹಿಸಿ. ಮೂಗಿಗೆ ಹೊಡೆಯುವ ಸ್ಟಿರಾಯ್ಡ್ ಸ್ಪ್ರೇ ನಿದ್ದೆ ತರುವುದಿಲ್ಲ, ಮೂಗು ಕಟ್ಟುವವರಿಗಂತೂ ಮಾತ್ರೆಗಿಂತ ಅದೇ ಒಳ್ಳೆಯದು. ಆದರೆ ಒಂದೇ ದಿನಕ್ಕೆ ಫಲ ಕಾಣುವುದಿಲ್ಲ, ಕೊಯ್ಲು ಶುರುವಾಗುವ ಮುಂಚೆಯೇ ಆರಂಭಿಸಿದರೆ ಚೆನ್ನ. ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಬೆರಳಿಗೂ ಅಲಗಿಗೂ ಮಧ್ಯೆ ಎಷ್ಟು ಜಾಗ ಇರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಸುಲಿಯುವಾಗ ಮೂಗುಬಾಯಿ ಮುಚ್ಚುವ ಒಳ್ಳೆಯ ಮಾಸ್ಕ್ ಕೊಡಿಸಿ, ಅರ್ಧ ಸೀನು ಅಲ್ಲಿಗೇ ನಿಲ್ಲುತ್ತದೆ.

ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಕಣ್ಣು ಮೂಗು ಉರಿಯುವುದು ಬೇರೆ ವಿಷಯ. ಅದು ಮೈಲುತುತ್ತ, ಸುಣ್ಣಗಳ ಉರಿ. ಅದಕ್ಕೆ ನೀರು ಬೇಕು, ಮಾತ್ರೆಯಲ್ಲ.

ಮುರುಗಲು ಪ್ರಿಯೆ:

ಇಷ್ಟೆಲ್ಲ ಇಂಗ್ಲಿಷ್ ಔಷಧ ಯಾಕೆ? ನಮ್ಮ ಮನೆಯಲ್ಲಿ ಪಿತ್ತದ ಗಂಧೆ ಎದ್ದರೆ ಮುರುಗಲು ಸಿಪ್ಪೆ ನೆನೆಸಿದ ನೀರು ಕುಡಿಸಿ, ಮೈಗೂ ಅದನ್ನೇ ಹಚ್ಚಿ, ಕಂಬಳಿ ಹೊದಿಸಿ ಮಲಗಿಸುತ್ತಿದ್ದರು. ಬೆಳಗಾಗುವುದರೊಳಗೆ ಗಂಧೆ ಮಾಯ. ಅಜ್ಜಿ ತೊಂಬತ್ತರವರೆಗೆ ಒಂದು ಮಾತ್ರೆಯನ್ನೂ ಮುಟ್ಟಲಿಲ್ಲ.

ಡಾಕ್ಟರಮ್ಮ, ತೀರ್ಥಹಳ್ಳಿ ಕಡೆ:

ಮುರುಗಲು ಪಾನಕ ನಾನೂ ಕುಡಿಯುತ್ತೇನೆ ಅಕ್ಕ, ಜಗಳವಿಲ್ಲ. ಆದರೆ ಗಂಧೆಯ ಸ್ವಭಾವವೇ ಹಾಗೆ. ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ತಾನಾಗಿಯೇ ಇಳಿಯುತ್ತದೆ, ಬೇರೆ ಕಡೆ ಹೊಸದು ಏಳುತ್ತದೆ. ಏನೂ ಮಾಡದಿದ್ದರೂ ಬೆಳಗಾಗುವುದರೊಳಗೆ ಮಾಯವಾಗುವ ಕಾಯಿಲೆಯಲ್ಲಿ ಕೀರ್ತಿ ಯಾರಿಗೆ ಬೇಕಾದರೂ ಸಿಗುತ್ತದೆ. ಕಂಬಳಿ ಮಾತ್ರ ಬೇಡ. ಬಿಸಿಗೂ ಉಜ್ಜಾಟಕ್ಕೂ ಗಂಧೆ ಇನ್ನಷ್ಟು ಏಳುತ್ತದೆ. ತಣ್ಣೀರಿನ ಬಟ್ಟೆ ಸಾಕು. ತುರಿಕೆ ತಡೆಯಲಾಗದಿದ್ದರೆ ದಿನಕ್ಕೊಂದು ಹೊಸ ತಲೆಮಾರಿನ ಮಾತ್ರೆ. ದೊಡ್ಡವರಿಗೆ ಸಾಮಾನ್ಯ ಪ್ರಮಾಣ ಸೆಟ್ರಿಜಿನ್ ಆದರೆ 10 ಮಿಲಿಗ್ರಾಂ, ಲೆವೊಸೆಟ್ರಿಜಿನ್ ಆದರೆ 5. ಎರಡೂ ಒಂದೇ ಮನೆತನದವು, ಒಟ್ಟಿಗೆ ನುಂಗುವಂತಿಲ್ಲ. ಆರು ವಾರ ದಾಟಿಯೂ ಏಳುತ್ತಲೇ ಇದ್ದರೆ ಅದು ದೀರ್ಘಕಾಲದ ಗಂಧೆ. ಅಂಥವರಿಗೆ ತಜ್ಞರು ಕೆಲವೊಮ್ಮೆ ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೂ ಏರಿಸುವುದುಂಟು. ಅದು ಅವರು ಕಣ್ಣಿಟ್ಟು ಮಾಡುವ ಕೆಲಸ, ನಾವು ಮನೆಯಲ್ಲಿ ಮಾಡುವಂಥದ್ದಲ್ಲ.

ಕಾಡುಗೇರಿನ ಸೊನೆ, ಕಾಂಗ್ರೆಸ್ ಗಿಡ ತಾಗಿ ಗುಳ್ಳೆಯೆದ್ದು ಒಸರುವುದು ಗಂಧೆಯಲ್ಲ. ಅದು ಒಂದೆರಡು ದಿನ ಬಿಟ್ಟು ಏಳುವ ಬೇರೆ ಬಗೆಯ ಅಲರ್ಜಿ, ಹಿಸ್ಟಮಿನ್ ಅದರ ಮುಖ್ಯ ಪಾತ್ರಧಾರಿಯಲ್ಲ. ಅದಕ್ಕೆ ಈ ಮಾತ್ರೆಗಳಿಂದ ಹೆಚ್ಚು ಪ್ರಯೋಜನವಿಲ್ಲ. ಕೂಡಲೇ ಸೋಪು ಹಚ್ಚಿ ತೊಳೆಯಿರಿ, ಮುಲಾಮಿಗೆ ವೈದ್ಯರ ಹತ್ತಿರ ಬನ್ನಿ.

ಸಾಗರದ ಸೊಪ್ಪಿನ ಬೆಟ್ಟ:

ಕಣಜ ಕಚ್ಚಿದರೆ? ನಮ್ಮ ಕಡೆ ಎಲ್ಲರ ಕಿಸೆಯಲ್ಲೂ ಒಂದು ಅವಿಲ್ ಇರುತ್ತದೆ. ಹೋದ ವರ್ಷ ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ನೆರೆಮನೆಯವರಿಗೆ ಕಣಜಗಳು ಮುತ್ತಿದವು. ಮಾತ್ರೆ ಕೊಟ್ಟು ನೆರಳಲ್ಲಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ತುಟಿ ಊದಿತು, ಧ್ವನಿ ಒಡೆಯಿತು, ವಾಂತಿ ಬಂತು. ‘ಮಾತ್ರೆ ಕೊಟ್ಟಾಗಿದೆ, ಈಗ ಇಳಿಯುತ್ತದೆ’ ಎಂದು ಒಬ್ಬರು, ‘ಜೀಪು ತನ್ನಿ’ ಎಂದು ಒಬ್ಬರು. ಜೀಪು ಬಂತು, ಬದುಕಿದರು. ಆಸ್ಪತ್ರೆಯಲ್ಲಿ ತೊಡೆಗೆ ಸೂಜಿ ಕೊಟ್ಟ ಮೇಲೆ ನೋಡುತ್ತಿದ್ದಂತೆಯೇ ಮುಖಕ್ಕೆ ಬಣ್ಣ ಬಂತು.

ಡಾಕ್ಟರಮ್ಮ, ತೀರ್ಥಹಳ್ಳಿ ಕಡೆ:

ಆ ಸೂಜಿ ಅಡ್ರಿನಲಿನ್. ದಯವಿಟ್ಟು ಇದನ್ನು ಎಲ್ಲರೂ ಓದಿ.

ಮೈಯ ಒಂದು ಕಡೆ ಕಚ್ಚಿ ಅಲ್ಲಿಯೇ ಊದಿದರೆ ಮಾತ್ರೆ ಸರಿ. ತುಟಿ, ನಾಲಿಗೆ, ಗಂಟಲು ಊದಿದರೆ, ಧ್ವನಿ ಬದಲಾದರೆ, ಉಸಿರು ಕಟ್ಟಿದರೆ, ಮೈಯೆಲ್ಲ ಗಂಧೆಯ ಜೊತೆಗೆ ವಾಂತಿಯೋ ತಲೆಸುತ್ತೋ ಬಂದರೆ ಅದು ಅನಾಫೈಲಾಕ್ಸಿಸ್, ಜೀವಕ್ಕೇ ಎರವಾಗಬಲ್ಲ ಅಲರ್ಜಿ. ಆಗ ರಕ್ತದೊತ್ತಡ ಕುಸಿಯುತ್ತಿರುತ್ತದೆ, ಶ್ವಾಸನಾಳ ಮುಚ್ಚಿಕೊಳ್ಳುತ್ತಿರುತ್ತದೆ. ಆಂಟಿಹಿಸ್ಟಮಿನ್ ಇವೆರಡನ್ನೂ ತಡೆಯುವುದಿಲ್ಲ. ನುಂಗಿದ ಮಾತ್ರೆ ಕೆಲಸ ಶುರುಮಾಡಲು ಅರ್ಧ ಗಂಟೆ, ಒಂದು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಹಿಸ್ಟಮಿನ್ ಮಾತ್ರವಲ್ಲ, ಇನ್ನೂ ಹಲವು ರಾಸಾಯನಿಕಗಳು ಹೊರಬಿದ್ದಾಗಿರುತ್ತವೆ. ಕೆರೆ ಒಡೆದ ಮೇಲೆ ತೂಬು ಮುಚ್ಚಿದ ಹಾಗೆ. ರಕ್ತನಾಳಗಳನ್ನು ಬಿಗಿಗೊಳಿಸಿ ಶ್ವಾಸನಾಳವನ್ನು ತೆರೆಯುವುದು ಅಡ್ರಿನಲಿನ್. ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುತ್ತೇವೆ. ದೂರದ ದೊಡ್ಡ ಆಸ್ಪತ್ರೆಗೇ ಹೋಗುತ್ತೇವೆ ಎಂದು ಹಟ ಹಿಡಿಯದೆ, ಸೂಜಿ ಸಿಗುವ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಮೊದಲು ಹೋಗಿ, 108ಕ್ಕೂ ಕರೆ ಮಾಡಿ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರು ಕಷ್ಟವಾದರೆ ಒರಗಿಸಿ ಕೂರಿಸಿ. ನಡೆಸಿಕೊಂಡು ಹೋಗಬೇಡಿ, ಎದ್ದು ನಿಂತಾಗಲೇ ಕುಸಿದವರಿದ್ದಾರೆ. ಚೇತರಿಸಿಕೊಂಡರು ಎಂದು ಕೂಡಲೇ ಮನೆಗೆ ಕರೆತರಬೇಡಿ, ಕೆಲವು ಗಂಟೆಗಳ ನಂತರ ಮತ್ತೆ ಮರುಕಳಿಸುವುದುಂಟು.

ಬೆಟ್ಟದ ಸುದ್ದಿ ಬಂತೆಂದು ಹೇಳುತ್ತೇನೆ. ಉಣುಗು ಕಚ್ಚಿದ ತುರಿಕೆಗೆ ಮಾತ್ರೆ ನುಂಗಿ ಮರೆಯುವವರಿದ್ದಾರೆ. ಕೆಲವು ದಿನ ಬಿಟ್ಟು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದು ಅಲರ್ಜಿಯಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇರಬಹುದು. 1957ರಲ್ಲಿ ಅದು ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲೇ. ಕಾಡಿಗೆ ಹೋಗಿದ್ದೆ ಎಂದು ಹೇಳಿ ರಕ್ತ ಕೊಟ್ಟು ಬನ್ನಿ.

ಟೀಚರ್, ಭದ್ರಾವತಿ:

ನನ್ನ ಮಗನಿಗೆ ಮೂರು ವರ್ಷ. ಬಸ್ಸಿನಲ್ಲಿ ಹಟ ಮಾಡುತ್ತಾನೆ ಎಂದು ಅತ್ತೆಯವರು ಹೊರಡುವ ಮುಂಚೆ ಶೀತದ ಸಿರಪ್ ಒಂದು ಚಮಚ ಹಾಕಲು ಹೇಳುತ್ತಾರೆ, ಮಲಗಿಬಿಡುತ್ತಾನಂತೆ. ಹೇಗೆ ಬೇಡ ಎನ್ನಲಿ?

ಡಾಕ್ಟರಮ್ಮ, ತೀರ್ಥಹಳ್ಳಿ ಕಡೆ:

ಸರ್ಕಾರವೇ ಬೇಡ ಎಂದಿದೆ ಎಂದು ಹೇಳಿ. 2023ರ ಡಿಸೆಂಬರಿನಲ್ಲಿ ಕೇಂದ್ರ ಔಷಧ ನಿಯಂತ್ರಕರು ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ಶೀತದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂದು ಲೇಬಲ್‌ನಲ್ಲಿ ಮುದ್ರಿಸಲು ಕಂಪನಿಗಳಿಗೆ ಸೂಚಿಸಿದರು. ಮಲಗಿಸುವುದಕ್ಕಾಗಿ ಯಾವ ಆಂಟಿಹಿಸ್ಟಮಿನ್ ಕೂಡ ಕೊಡುವಂತಿಲ್ಲ. ಹೆಚ್ಚಾದರೆ ಮಕ್ಕಳ ಉಸಿರಾಟ ಮಂದವಾಗಬಹುದು. ಕೆಲವು ಮಕ್ಕಳು ಮಲಗುವ ಬದಲು ಉಲ್ಟಾ ರಚ್ಚೆ ಹಿಡಿಯುತ್ತಾರೆ, ಬಸ್ಸಿನಲ್ಲಿ ಅದೊಂದು ಬೇರೆ ಫಜೀತಿ.

ನಿಜವಾದ ಅಲರ್ಜಿಗೆ ಬರೆದುಕೊಟ್ಟಾಗಲೂ ಅಡುಗೆಮನೆಯ ಚಮಚ ಬೇಡ. ಬಾಟಲಿಯ ಮುಚ್ಚಳದ ಅಳತೆ, ಇಲ್ಲವೇ ಸಿರಿಂಜ್. ಹನಿ ಔಷಧದ ಸಣ್ಣ ಬಾಟಲಿಯೂ ಸಿರಪ್ಪೂ ಒಂದೇ ಹೆಸರಿನವಾಗಿರಬಹುದು, ಸಾಂದ್ರತೆ ಬೇರೆ. ಎಷ್ಟು ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಓದಿ.

ಕೊಪ್ಪದ ಕಾಫಿ:

ಒಂದು ದೂರು. ನಮ್ಮೂರಿನ ಅಂಗಡಿಯೊಂದರಲ್ಲಿ ಶೀತ ಎಂದರೆ ಸಾಕು, ನಾಲ್ಕು ಬಗೆಯ ಬಿಡಿ ಮಾತ್ರೆ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಹಳದಿ, ಬಿಳಿ, ಗುಲಾಬಿ. ಹೆಸರೂ ಇಲ್ಲ, ಸ್ಟ್ರಿಪ್ಪೂ ಇಲ್ಲ. ಮಾರನೆಯ ದಿನ ಎದ್ದರೆ ಕಾಯಿಲೆಯೇ ಇರಲಿಲ್ಲವೇನೋ ಎನ್ನುವಷ್ಟು ಗೆಲುವು.

ಶಿವಮೊಗ್ಗದ ಔಷಧಂಗಡಿ:

ಆ ಗೆಲುವಿಗೇ ಹೆದರಬೇಕು. ಅಂಥ ಪೊಟ್ಟಣಗಳಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್‌ನಂಥ ಸ್ಟಿರಾಯ್ಡ್ ಮಾತ್ರೆ ಸೇರಿಸುವ ಚಾಳಿ ನಮ್ಮ ಕಸುಬಿನ ಕೆಲವರಲ್ಲಿದೆ, ಹೇಳಲು ನಾಚಿಕೆಯಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಏರುತ್ತದೆ, ಪದೇ ಪದೇ ನುಂಗಿದರೆ ಮೂಳೆ ಸವೆಯುತ್ತದೆ, ಸೋಂಕು ಮುಚ್ಚಿಹೋಗುತ್ತದೆ. ಹೆಸರಿಲ್ಲದ ಮಾತ್ರೆಯನ್ನು ವಾಪಸ್ ಕೊಡಿ, ಸ್ಟ್ರಿಪ್‌ನಲ್ಲೇ ಕತ್ತರಿಸಿ ಕೊಡಿ ಎನ್ನಿ, ಬಿಲ್ ಕೇಳಿ. ದುಡ್ಡಿನ ಚಿಂತೆಯಿದ್ದರೆ ಜನೌಷಧಿ ಕೇಂದ್ರದಲ್ಲಿ ಸೆಟ್ರಿಜಿನ್ ಬಹಳ ಅಗ್ಗ.

ಮುರುಗಲು ಪ್ರಿಯೆ:

ಈ ಒಂದು ವಿಷಯದಲ್ಲಿ ನಾನೂ ಅಂಗಡಿಯವರ ಪಕ್ಷ. ಡಾಕ್ಟರಮ್ಮ, ನನ್ನ ತಂಗಿ ಲೆವೊಸೆಟ್ರಿಜಿನ್, ಮಾಂಟೆಲುಕಾಸ್ಟ್ ಸೇರಿದ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿದ್ದಾಳೆ. ಯಾರೋ ಒಮ್ಮೆ ಬರೆದುಕೊಟ್ಟದ್ದು. ಈಗ ಕೆಟ್ಟ ಕನಸು, ಸಿಡುಕು. ನಿಲ್ಲಿಸಿದರೆ ಮೈಯೆಲ್ಲ ತುರಿಕೆ ಎನ್ನುತ್ತಾಳೆ.

ಡಾಕ್ಟರಮ್ಮ, ತೀರ್ಥಹಳ್ಳಿ ಕಡೆ:

ಎರಡಕ್ಕೂ ಬೇರೆ ಬೇರೆ ಕಾರಣ ಇರಬಹುದು. ಮಾಂಟೆಲುಕಾಸ್ಟ್ ಆಂಟಿಹಿಸ್ಟಮಿನ್ ಅಲ್ಲ. ಅದರಿಂದ ಕೆಟ್ಟ ಕನಸು, ಖಿನ್ನತೆ, ಆತ್ಮಹತ್ಯೆಯ ಯೋಚನೆಯಂಥ ತೊಂದರೆ ಕಂಡದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚಿನಲ್ಲಿ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಸೇರಿಸಿತು. ಬೇರೆ ಔಷಧಕ್ಕೆ ಬಗ್ಗುವ ಮೂಗಿನ ಅಲರ್ಜಿಗೆ ಅದನ್ನು ಬಳಸಬೇಡಿ ಎಂದೂ ಹೇಳಿತು. ತಂಗಿಯನ್ನು ಈ ವಾರವೇ ಬರೆದುಕೊಡುವ ವೈದ್ಯರಿಗೆ ತೋರಿಸಿ. ತನಗೇ ಹಾನಿ ಮಾಡಿಕೊಳ್ಳುವ ಮಾತು ಬಂದರೆ ವಾರವನ್ನೂ ಕಾಯಬೇಡಿ. ಆಸ್ತಮಾ ಇದ್ದರೆ ಆ ವಿಷಯವನ್ನು ಮೊದಲು ಹೇಳಿ.

ತುರಿಕೆಯದ್ದು ಹೊಸ ಸುದ್ದಿ. ಸೆಟ್ರಿಜಿನ್, ಲೆವೊಸೆಟ್ರಿಜಿನ್‌ಗಳನ್ನು ತಿಂಗಳುಗಟ್ಟಲೆ ದಿನವೂ ನುಂಗಿ ನಿಲ್ಲಿಸಿದ ಕೆಲವರಿಗೆ ಕೆಲವೇ ದಿನಗಳಲ್ಲಿ ವಿಪರೀತ ತುರಿಕೆ ಬರುತ್ತದೆ ಎಂದು ಎಫ್‌ಡಿಎ 2025ರ ಮೇ ತಿಂಗಳಲ್ಲಿ ಎಚ್ಚರಿಸಿತು. ಅಪರೂಪ, ಆದರೆ ನಿಜ. ಅದನ್ನು ‘ಅಲರ್ಜಿ ಮತ್ತೆ ಬಂತು’ ಎಂದುಕೊಂಡು ಜನ ಮಾತ್ರೆಗೇ ಮರಳುತ್ತಾರೆ. ಹಂತ ಹಂತವಾಗಿ ಬಿಡಿಸುವ ದಾರಿ ಇದೆ. ಚಟ ಎನ್ನುವ ಅರ್ಥದಲ್ಲಿ ಹಿಡಿದುಕೊಳ್ಳುವ ಔಷಧವಲ್ಲ, ತಂಗಿಯನ್ನು ಬೈಯಬೇಡಿ.

ವರ್ಷವಿಡೀ ಸೀನುವವರು ಮನೆಯನ್ನೂ ನೋಡಿಕೊಳ್ಳಿ. ನಮ್ಮ ತೇವದಲ್ಲಿ ದೂಳಿನ ನುಸಿ, ಬೂಷ್ಟು ಎರಡಕ್ಕೂ ಸುಗ್ಗಿ. ಹೊದಿಕೆ, ದಿಂಬಿನ ಬಟ್ಟೆಗಳನ್ನು ಚೆನ್ನಾಗಿ ಬಿಸಿಯಾದ ನೀರಿನಲ್ಲಿ ಒಗೆಯಬೇಕು. ಅಟ್ಟದ ಹಳೆಯ ಕಂಬಳಿ ಬಿಸಿನೀರು ತಾಳುವುದಿಲ್ಲವಾದ್ದರಿಂದ ಅದನ್ನು ಮಲಗುವ ಕೋಣೆಯಿಂದ ಹೊರಗಿಡಿ.

ಕೊಪ್ಪದ ಕಾಫಿ:

ಅಕೇಶಿಯಾ ಹೂವಿನ ಬಗ್ಗೆ ಯಾರೂ ಬರೆಯಲಿಲ್ಲ. ನನಗೆ ಅದರದ್ದೇ ಅನುಮಾನ. ಇನ್ನೊಂದು, ಫೆಕ್ಸೊಫೆನಡಿನ್ ನನಗೆ ಕೆಲಸವೇ ಮಾಡಲಿಲ್ಲ. ತೋಟದ ಕಿತ್ತಳೆ ರಸದ ಜೊತೆ ದಿನವೂ ನುಂಗಿದೆ.

ಶಿವಮೊಗ್ಗದ ಔಷಧಂಗಡಿ:

ಕೆಲಸ ಕೆಡಿಸಿದ್ದು ರಸವೇ. ಕಿತ್ತಳೆ, ಸೇಬು, ಚಕ್ಕೋತದಂಥ ಹಣ್ಣಿನ ರಸಗಳು ಫೆಕ್ಸೊಫೆನಡಿನ್ ಕರುಳಿನಿಂದ ರಕ್ತಕ್ಕೆ ಸೇರುವುದನ್ನು ಬಹಳ ಕಡಿಮೆ ಮಾಡುತ್ತವೆ. ಬರೀ ನೀರಿನಲ್ಲಿ ನುಂಗಿ. ಹುಳಿತೇಗಿಗೆ ಕುಡಿಯುವ ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಬಿಳಿ ಔಷಧವನ್ನೂ ಜೊತೆಗೆ ಬೇಡ, ಎರಡು ಗಂಟೆ ಅಂತರ ಇರಲಿ. ಬಿಲಾಸ್ಟಿನ್ ಆದರೆ ಖಾಲಿ ಹೊಟ್ಟೆಗೆ, ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಸೆಟ್ರಿಜಿನ್‌ಗೆ ಈ ಮಡಿ ಮೈಲಿಗೆ ಇಲ್ಲ. ಆದರೆ ಅದು ಹೆಚ್ಚಾಗಿ ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ, ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣ ತಗ್ಗಿಸಬೇಕು. ಬಸುರಿ, ಬಾಣಂತಿಯರು ಅಂಗಡಿಯಲ್ಲಿ ಕೇಳುವ ಮೊದಲೇ ವಿಷಯ ಹೇಳಿ, ನಾವು ಮುಖ ನೋಡಿ ಊಹಿಸಲಾರೆವು.

ಹೊಸನಗರದ ತೋಟದವನು:

ಅಪ್ಪನನ್ನು ತೋರಿಸಿದೆ. ಚೀಲ ನೋಡಿ ವೈದ್ಯರು ಅರ್ಧ ಔಷಧ ಬದಿಗಿಟ್ಟರು. ಪ್ರಾಸ್ಟೇಟ್ ಸ್ಕ್ಯಾನ್ ಆಗಬೇಕಂತೆ. ಸದ್ಯಕ್ಕೆ ಮೂಗಿಗೆ ಸ್ಪ್ರೇ ಮತ್ತು ಉಪ್ಪುನೀರು. ರಾತ್ರಿ ತೂರಾಟ ನಿಂತಿದೆ, ಸೀನು ಸ್ವಲ್ಪ ಇದೆ. ‘ಆ ಮಾತ್ರೆಯೇ ಚೆನ್ನಾಗಿತ್ತು’ ಎಂದು ಗೊಣಗುತ್ತಾರೆ.

ಕೊಪ್ಪದ ಕಾಫಿ:

ಅಕೇಶಿಯಾ ಪ್ರಶ್ನೆ ತೇಲಿಸಿಬಿಟ್ಟಿರಿ. ಮುಂದಿನ ವಾರ ಕರಾವಳಿಯ ಆಸ್ಪತ್ರೆಯಲ್ಲಿ ಚರ್ಮಕ್ಕೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ ಇದೆ, ಅಲ್ಲೇ ತಿಳಿಯುತ್ತದೆ ಬಿಡಿ. ಮಾತ್ರೆ ನುಂಗಿಯೇ ಹೋಗಬಹುದಲ್ಲವೇ?

ಡಾಕ್ಟರಮ್ಮ, ತೀರ್ಥಹಳ್ಳಿ ಕಡೆ:

ನುಂಗಿ ಹೋದರೆ ಅಕೇಶಿಯಾ ನಿರಪರಾಧಿಯಾಗಿ ಹೊರಬರುತ್ತದೆ! ಚುಚ್ಚಿದ ಕಡೆ ದದ್ದು ಎಬ್ಬಿಸುವುದೇ ಹಿಸ್ಟಮಿನ್. ಮಾತ್ರೆ ಮೈಯಲ್ಲಿದ್ದರೆ ದದ್ದು ಏಳುವುದಿಲ್ಲ. ಸಾಮಾನ್ಯವಾಗಿ ಐದರಿಂದ ಏಳು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ, ಅವರಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಆಂಟಿಹಿಸ್ಟಮಿನ್ ಇರುವ ಕೆಮ್ಮಿನ ಸಿರಪ್, ಶೀತದ ಮಾತ್ರೆ ಕೂಡ ಲೆಕ್ಕಕ್ಕೆ ಬರುತ್ತವೆ. ಮೂಗಿನ ಸ್ಟಿರಾಯ್ಡ್ ಸ್ಪ್ರೇ ನಿಲ್ಲಿಸಬೇಕಾಗಿಲ್ಲ. ಮಾತ್ರೆ ಬಿಟ್ಟಿರಲು ಸಾಧ್ಯವೇ ಇಲ್ಲದವರಿಗೆ ರಕ್ತದಲ್ಲಿ ಅಲರ್ಜಿಗೆ ಸಂಬಂಧಿಸಿದ ಐಜಿಇ ಎಂಬ ಪ್ರತಿಕಾಯ ನೋಡುವ ಪರೀಕ್ಷೆ ಇದೆ, ಅದಕ್ಕೆ ಮಾತ್ರೆಯ ಅಡ್ಡಿ ಇಲ್ಲ.

ಕೊಪ್ಪದ ಕಾಫಿ:

ನಿನ್ನೆ ರಾತ್ರಿಯೂ ಕೆಮ್ಮಿನ ಸಿರಪ್ ಕುಡಿದಿದ್ದೇನೆ. ದಿನಾಂಕ ಮುಂದಕ್ಕೆ ಹಾಕಿಸುತ್ತೇನೆ.